ಎರಡು ಸಲ ಬೆಂದ ಕೆಂಪು

ವಿಸ್ಕಿ ಕುಡಿದವರಿಗೆ ತಲೆ ತಿರುಗಲು ಒಂದು ಗಂಟೆಯಾದರೂ ಬೇಕು. ವಿಸ್ಕಿಯ ಹಳೇ ಬೋರ್ಡು ಕೊಳ್ಳಲು ಹೊರಟವರಿಗೆ ಒಂದು ನಿಮಿಷ ಸಾಕು. ಇದು ಕುಂಚದಕ್ಕನ ಮಾತು. ಅವಳು ಆಯುಷ್ಯದಲ್ಲಿ ಒಂದು ಹನಿ ವಿಸ್ಕಿ ನಾಲಿಗೆಗೆ ತಾಗಿಸಿದವಳಲ್ಲ. ಆದರೆ ಕಂಪನಿಗಳು ಒಂದು ಕಾಲದಲ್ಲಿ ಬಾರುಗಳಿಗೆ ಪುಕ್ಕಟೆ ಹಂಚಿದ ಕನ್ನಡಿ, ತಟ್ಟೆ, ನೀರಿನ ಜಗ್ಗು, ಗೋಡೆಗೆ ಹೊಡೆಯುವ ಎನಾಮೆಲ್ ಬೋರ್ಡು, ಇವುಗಳಲ್ಲಿ ಯಾವುದು ಅಸಲಿ, ಯಾವುದು ಹೋದ ತಿಂಗಳು ಹುಟ್ಟಿ ಚಹಾದ ನೀರಿನಲ್ಲಿ ಮುಳುಗೆದ್ದು ಮುದಿಯಾದದ್ದು ಎಂದು ಹೇಳುವುದರಲ್ಲಿ ಅವಳನ್ನು ಮೀರಿಸಿದವರು ಹಳೇ ಸಾಮಾನಿನ ಓಣಿಯಲ್ಲಿ ಯಾರೂ ಇರಲಿಲ್ಲ.

ಎನಾಮೆಲ್ ಬೋರ್ಡಿನ ಫ್ಯಾಕ್ಟರಿಯಲ್ಲಿ ಇಪ್ಪತ್ತೆರಡು ವರ್ಷ ಕುಂಚ ಹಿಡಿದದ್ದಕ್ಕೆ ಆ ಹೆಸರು. ಫ್ಯಾಕ್ಟರಿ ಮುಚ್ಚಿತು, ಹೆಸರು ಉಳಿಯಿತು. ಈಗ ಓಣಿಯಲ್ಲಿ ಅವಳದೊಂದು ಮೇಜು, ಎರಡು ಸ್ಟೂಲು, ತಗಡು ಕಬ್ಬಿಣದ್ದೋ ಅಲ್ಲವೋ ನೋಡಲು ಒಂದು ಅಯಸ್ಕಾಂತ. ಕೊಳ್ಳುವವರು ಕೊಳ್ಳುವ ಮೊದಲು ಅವಳ ಮುಂದೆ ಸಾಮಾನು ಇಟ್ಟು ನಿಲ್ಲುತ್ತಾರೆ.

ಆ ಬೆಳಿಗ್ಗೆ ಟೈ ಕಟ್ಟಿದ ಗಿರಾಕಿಯೊಬ್ಬ ಹಾಸಿಗೆ ಬಟ್ಟೆಯಲ್ಲಿ ಮಗುವಿನಂತೆ ಸುತ್ತಿ ಒಂದು ವಿಸ್ಕಿ ಕನ್ನಡಿ ತಂದಿದ್ದ.

"ನೂರು ವರ್ಷದ್ದಂತೆ, ಅಕ್ಕ."

ಕುಂಚದಕ್ಕ ಅದರ ಮುಖ ನೋಡಲೇ ಇಲ್ಲ, ಬೋರಲು ಹಾಕಿದಳು. "ನೂರು ವರ್ಷದ ಮುದುಕನ ಬೆನ್ನಿಗೆ ಸ್ಟೇಪ್ಲರ್ ಪಿನ್ ಹೊಡೆದವರು ಯಾರಪ್ಪಾ?"

ಗಿರಾಕಿ ಬಗ್ಗಿ ನೋಡಿದ. ಅವಳು ಚೌಕಟ್ಟಿನ ಅಂಚನ್ನು ಬೆರಳಿನಿಂದ ಉಜ್ಜಿ, ಕಂದು ಹತ್ತಿದ ಬೆರಳನ್ನು ಅವನ ಮೂಗಿನ ಮುಂದೆ ಹಿಡಿದಳು. "ವಯಸ್ಸು ಅನ್ನೋದು ಒರೆಸಿದ್ರೆ ಬರಲ್ಲ. ಬಂದ್ರೆ ಅದು ವಯಸ್ಸಲ್ಲ, ಪಾಲಿಶು."

"ಹಾಗಾದ್ರೆ ಇದರ ಬೆಲೆ?"

"ಮುಖ ಚೆನ್ನಾಗಿ ಕಾಣುತ್ತೆ. ಕ್ರಾಪು ಬಾಚ್ಕೊಳ್ಳೋಕೆ ಇಟ್ಕೊಳ್ಳಿ."

ಅವನು ಕನ್ನಡಿಯನ್ನು ಮತ್ತೆ ಸುತ್ತಿಕೊಂಡು ಹೋಗುವಾಗ, ಓಣಿಯ ಆ ತುದಿಯಿಂದ ನಾದಿನಿ ಬರುವುದು ಕಾಣಿಸಿತು. ಗಂಡನ ತಂಗಿ, ಅದೇ ಫ್ಯಾಕ್ಟರಿಯಲ್ಲಿ ಕುಲುಮೆಯ ಬಾಯಿಗೆ ಬೋರ್ಡು ಒಡ್ಡುತ್ತಿದ್ದವಳು, ಈಗ ಬೇರೆಯವರ ಟೈಲರ್ ಅಂಗಡಿಯಲ್ಲಿ ಹೊಲಿಯುತ್ತಾಳೆ. ಅವಳ ನಡಿಗೆಯಲ್ಲೇ ಜಗಳವಿತ್ತು.

"ತಗೋ ಅತ್ತಿಗೆ, ನಿನ್ನ ಮಾತು ಕೇಳಿದ್ದಕ್ಕೆ ಬಹುಮಾನ!" ಎಂದು ಅವಳು ಒಂದು ಕಾಗದವನ್ನು ಮೇಜಿನ ಮೇಲೆ ಬಡಿದಳು. "ಅಸಲಿ, ಅಸಲಿ ಅಂತ ಕಳಿಸಿದೆ. ಈಗ ಮೋಸಗಾತಿ ಅನ್ನಿಸಿಕೊಂಡೆ."

ಹರಾಜು ಮನೆಯ ಕಾಗದ. ನೀವು ಮಾರಾಟಕ್ಕೆ ಒಪ್ಪಿಸಿದ ವಿಸ್ಕಿ ಬೋರ್ಡು ನಕಲೆಂದು ನಮ್ಮ ಪರಿಣತರು ತೀರ್ಮಾನಿಸಿದ್ದಾರೆ. ಸಂಗ್ರಾಹಕರ ಸಂಘದ ನಿಯಮದಂತೆ ಇಂದು ಹನ್ನೆರಡು ಗಂಟೆಗೆ ಅದಕ್ಕೆ ರಂಧ್ರ ಕೊರೆದು ಹಿಂದಿರುಗಿಸಲಾಗುವುದು. ನಕಲು ಮಾಲನ್ನು ಇನ್ನೊಬ್ಬರಿಗೆ ದಾಟಿಸಬಾರದೆಂದು ಸಂಘದವರು ಅದರ ನಟ್ಟನಡುವೆ ತೂತು ಹೊಡೆಯುತ್ತಾರೆ. ಹೊಡೆದ ಮೇಲೆ ಅದು ಬೋರ್ಡಲ್ಲ, ತಗಡು.

ನಾದಿನಿಗೆ ಅದು ಬರೀ ಬೋರ್ಡೂ ಆಗಿರಲಿಲ್ಲ. ಟೈಲರ್ ಅಂಗಡಿಯ ಯಜಮಾನಿ ಊರು ಬಿಡುವವಳಿದ್ದಳು; ಎರಡು ಮಿಷನ್ನು ಸಮೇತ ಅಂಗಡಿಯನ್ನು ನಾದಿನಿಗೇ ಕೊಡುತ್ತೇನೆ, ಆದರೆ ಶನಿವಾರದೊಳಗೆ ಎಂದಿದ್ದಳು. ನಾದಿನಿಯ ಹತ್ತಿರ ಮಾರುವಂಥದ್ದು ಅಂತ ಇದ್ದದ್ದು ಇದೊಂದೇ: ಮೂವತ್ತೊಂದು ವರ್ಷ ಬಚ್ಚಲಿನ ನೀರಿನ ತೊಟ್ಟಿಗೆ ಮುಚ್ಚಳವಾಗಿದ್ದ ಬೋರ್ಡು. ಇಂದು ಗುರುವಾರ. ಗಂಟೆ ಹತ್ತು ಕಾಲು.

ಕುಂಚದಕ್ಕ ಅಯಸ್ಕಾಂತವನ್ನು ಚೀಲಕ್ಕೆ ಹಾಕಿಕೊಂಡು ಎದ್ದಳು. "ನಡಿ."

"ನಡಿ ಅಂದ್ರೆ? ಅಲ್ಲಿ ಹೋಗಿ ಏನು ಹೇಳ್ತೀಯ?"

"ಇದ್ದದ್ದು."

ನಾದಿನಿಯ ಮುಖ ಬಿಳುಚಿಕೊಂಡಿತು. "ಅದು ಮಾತ್ರ ಬೇಡ. ಹದಿನಾಲ್ಕು ಜನ ಆಣೆ ಹಾಕಿದ್ದೀವಿ."

ಆ ಆಣೆಯ ಕಥೆ ಹೀಗೆ. ಎನಾಮೆಲ್ ಎಂದರೆ ಬಣ್ಣವಲ್ಲ, ಗಾಜು. ಗಾಜಿನ ಹಿಟ್ಟನ್ನು ನೀರಿನಲ್ಲಿ ಕಲಸಿ ತಗಡಿಗೆ ಹೊಯ್ದು, ಒಣಗಿಸಿ, ಅದರ ಮೇಲೆ ಕತ್ತರಿಸಿದ ಅಚ್ಚು ಇಟ್ಟು, ಬೇಡದ ಪುಡಿಯನ್ನು ಕುಂಚದಲ್ಲಿ ಗುಡಿಸಿ ತೆಗೆಯಬೇಕು. ಆಮೇಲೆ ಕುಲುಮೆ. ಒಂದು ಬಣ್ಣಕ್ಕೆ ಒಂದು ಸಲ ಬೆಂಕಿ. ಗುಡಿಸಿದ ಪುಡಿ ಗಾಳಿಗೆ ಹಾರಿ ಹಾಳಾಗಬಾರದೆಂದು ಕುಂಚದ ಕೋಣೆಯ ಕಿಟಕಿಗಳಿಗೆ ಮೊಳೆ ಹೊಡೆದಿತ್ತು. ಪುಡಿ ಹಾಳಾಗಲಿಲ್ಲ; ಹದಿನಾಲ್ಕು ಹೆಂಗಸರ ಎದೆಗೂಡಿನಲ್ಲಿ ಜೋಪಾನವಾಗಿ ಸೇರಿಕೊಂಡಿತು. ಎಲ್ಲರಿಗೂ ಬಣ್ಣದ ಕೆಲಸ ಕಲಿಸಿದ ಹಿರಿಯಳನ್ನು ಬಣ್ಣದಜ್ಜಿ ಎನ್ನುತ್ತಿದ್ದರು. ಒಂದು ದಿನ ಅವಳು ಸೂಪರ್‌ವೈಸರನ ಮುಂದೆ ನಿಂತು, ಗೋಡೆಗೊಂದು ಗಾಳಿ ಎಳೆಯುವ ಫ್ಯಾನು ಕೂರಿಸಿ ಎಂದಳು. ಬಾಯಿ ಜಾಸ್ತಿಯಾಯಿತೆಂದು ಅವನು ಅವಳನ್ನು ಮನೆಗೆ ಕಳಿಸಿದ. ಮರುದಿನ ಗೋಡೆಗೆ ನೋಟೀಸು ಬಂತು: ಕೇಳಿದ್ದಕ್ಕೆ ಮಾತ್ರ ಉತ್ತರ, ಹೇಳಿದಷ್ಟು ಮಾತ್ರ ಕೆಲಸ.

ಮೂರನೇ ದಿನಕ್ಕೆ ದೊಡ್ಡ ಆರ್ಡರು. ವಿಸ್ಕಿಯ ಹೆಸರು ಏನೋ ಉದ್ದಕ್ಕಿತ್ತು. ಫ್ಯಾಕ್ಟರಿಯಲ್ಲಿ ಎಲ್ಲರೂ ಅದನ್ನು ಕೆಂಪು ಕೋಟು ಎನ್ನುತ್ತಿದ್ದರು. ಕೆಂಪು ಕೋಟಿನ ದೊರೆಯೊಬ್ಬ ಎಡಗಾಲು ಮುಂದಿಟ್ಟು ಗ್ಲಾಸು ಎತ್ತಿ ನಿಂತ ಚಿತ್ರ. ಕೋಟಿಗೆ ಹಳದಿ ಗುಂಡಿ, ಗ್ಲಾಸಿನಲ್ಲಿ ಹಳದಿ ವಿಸ್ಕಿ. ಅಜ್ಜಿ ಇಲ್ಲದ್ದರಿಂದ ಬಣ್ಣದ ಸರದಿಯನ್ನು ಸೂಪರ್‌ವೈಸರನೇ ಹಲಗೆಯ ಮೇಲೆ ಬರೆದ: ಬಿಳಿ, ಕಪ್ಪು, ಕೆಂಪು, ಹಳದಿ.

ಹದಿನಾಲ್ಕು ಜೊತೆ ಕಣ್ಣುಗಳು ಆ ಹಲಗೆಯನ್ನು ಓದಿದವು. ಕೆಂಪು ಕಟ್ಟಕಡೆಗೆ ಬರಬೇಕು. ಕೆಂಪು ಎರಡನೇ ಸಲ ಬೆಂಕಿ ತಡೆಯುವುದಿಲ್ಲ, ಕಂದಿಹೋಗುತ್ತದೆ ಎನ್ನುವುದು ಹೊಸದಾಗಿ ಸೇರಿದವಳಿಗೂ ಗೊತ್ತಿತ್ತು. ಯಾರೂ ತುಟಿ ಪಿಟಕ್ಕೆನ್ನಲಿಲ್ಲ. ಹೇಳಿದಷ್ಟು ಕೆಲಸ, ಹೇಳಿದ ಹಾಗೆ ಕೆಲಸ. ಇನ್ನೂರು ಬೋರ್ಡು. ಕುಲುಮೆಯ ಬಾಗಿಲು ತೆರೆದಾಗ ಇನ್ನೂರು ದೊರೆಗಳ ಕೋಟೂ ಲಿವರಿನ ಬಣ್ಣಕ್ಕೆ ತಿರುಗಿತ್ತು.

"ಕುಡಿದು ಕುಡಿದು ಕೋಟಿಗೂ ಲಿವರ್ ಹೋಗಿದೆ," ಎಂದು ನಾದಿನಿ ಅಂದು ಪಿಸುಗುಟ್ಟಿದ್ದಳು.

"ಒಬ್ಬರಾದ್ರೂ ಹೇಳಬಾರದಿತ್ತಾ?" ಎಂದು ಸೂಪರ್‌ವೈಸರ್ ಕಿರುಚಿದ.

"ನೀವು ಕೇಳಲಿಲ್ಲ ಸಾರ್," ಎಂದಳು ಕುಂಚದಕ್ಕ.

ಮಾಲೀಕರ ಕಣ್ಣಿಗೆ ಬೀಳುವ ಮೊದಲು ಎಲ್ಲವನ್ನೂ ಸುತ್ತಿಗೆಯಿಂದ ಒಡೆದು, ಒಡೆದದ್ದನ್ನು ನೀವೇ ಹೊತ್ತುಕೊಂಡು ಹೋಗಿ ಎಂದು ಅವನು ಬೇಡಿಕೊಂಡ. ಒಡೆದರು. ಆದರೆ ಹದಿನಾಲ್ಕು ಜನ ಒಂದೊಂದು ಬೋರ್ಡನ್ನು ಬದಿಗಿಟ್ಟು, ಅದಕ್ಕೆ ಒಂದೇ ಒಂದು ಪೆಟ್ಟು ಹಾಕಿದರು. ಎಲ್ಲರದೂ ಒಂದೇ ಜಾಗದಲ್ಲಿ, ದೊರೆಯ ಎಡಗಾಲಿನ ಬೂಟಿನ ಕೆಳಗೆ. ಒಡೆದದ್ದು ಒಡೆದದ್ದೇ ತಾನೆ! ಹದಿನೈದನೆಯದೊಂದನ್ನು ಬಣ್ಣದಜ್ಜಿಗೆಂದು ತೆಗೆದಿಟ್ಟರು. ಅದರ ಮೇಲೆ ಸುತ್ತಿಗೆ ಎತ್ತಲು ಯಾರಿಗೂ ಕೈ ಬರಲಿಲ್ಲ. ಜಜ್ಜಿದ ತಗಡುಗಳ ಅಡಿಯಲ್ಲಿಟ್ಟು ಹಾಗೇ ದಾಟಿಸಿದರು. ಗೊತ್ತಿದ್ದೂ ಮಾಡಿದ್ದೆಂದು ಹೊರಗೆ ಬಿದ್ದರೆ ಜೈಲು ಎಂದು ಹೆದರಿ ಆಣೆ ಹಾಕಿಕೊಂಡರು. ತಿಂಗಳೊಳಗೆ ಸೂಪರ್‌ವೈಸರ್ ಬೇರೆ ಕಡೆಗೆ ಹೋದ, ಅಜ್ಜಿಯನ್ನು ಮಾಲೀಕರೇ ಕರೆಸಿಕೊಂಡರು. ಫ್ಯಾನು ತಿರುಗಿದ ಮೇಲೆಯೇ ಅವಳು ಒಳಗೆ ಕಾಲಿಟ್ಟದ್ದು.

ಬಸ್ಸಿನಲ್ಲಿ ನಾದಿನಿ ದಾರಿಯುದ್ದಕ್ಕೂ ಗೊಣಗಿದಳು. "ಮೋಸಗಾತಿ ಅಂದಿದ್ದು ಸಾಲದು ಅಂತ ಕೇಡಿ ಅಂತಲೂ ಅನ್ನಿಸಿಕೊಳ್ಳಬೇಕಾ? ಅಂಗಡಿ ಹೋದ್ರೆ ಹೋಗಲಿ, ಮಾನ ಉಳೀಲಿ."

"ಅವತ್ತು ಬಾಯಿ ಮುಚ್ಚಿದ್ದು ಕೆಲಸಕ್ಕೆ ಬಂತು. ಇವತ್ತು ಮುಚ್ಚಿದ್ರೆ ಅವರ ಕೆಲಸಕ್ಕೆ ಬರುತ್ತೆ," ಎಂದಳು ಕುಂಚದಕ್ಕ. ನಾದಿನಿ ಕಿಟಕಿಯ ಕಡೆ ತಿರುಗಿ ಕೂತಳು.

ಹರಾಜು ಮನೆ ಮೂರನೇ ಮಹಡಿಯಲ್ಲಿತ್ತು. ಉದ್ದನೆಯ ಹಜಾರ, ಸಾಲಾಗಿ ಕುರ್ಚಿ, ಹನ್ನೆರಡೂವರೆಯ ಹರಾಜಿಗೆ ಆಗಲೇ ಜನ ಬಂದು ಕೂತಿದ್ದರು. ಪಕ್ಕದ ಗಾಜಿನ ಕೋಣೆಯಲ್ಲಿ ಮೆತ್ತನೆಯ ಹಸಿರು ಬಟ್ಟೆ ಹಾಸಿದ ಮೇಜು, ಅದರ ಮೇಲೆ ಮಲಗಿಸಿದ ದೊರೆ, ಅವನ ಎದೆಯ ಮೇಲೆ ಪೆನ್ಸಿಲಿನಲ್ಲಿ ಗುರುತು ಹಾಕಿದ ಸೊನ್ನೆ, ಪಕ್ಕದಲ್ಲಿ ಡ್ರಿಲ್ ಮಿಷನ್ನು. ಪರಿಣತನನ್ನು ಓಣಿಯವರೆಲ್ಲ ಭೂತಗನ್ನಡಿ ಎಂದೇ ಕರೆಯುವುದು. ಕೊರಳಲ್ಲಿ ಸದಾ ಅದು ನೇತಾಡುತ್ತಿರುತ್ತದೆ. ವಿಸ್ಕಿ ಜಾಹೀರಾತುಗಳ ಬಗ್ಗೆ ಅವನು ಬರೆದ ದಪ್ಪ ಪುಸ್ತಕವೇ ಸಂಘಕ್ಕೆ ಶಾಸನ. ಮಾಡಿದವರ ಮಾತು ಗಾಳಿಗೆ, ಕೊಂಡವರ ಮಾತು ಗ್ರಂಥಕ್ಕೆ. ಲೋಕ ನಡೆಯುವುದು ಹೀಗೇ. ಅವನ ಪಕ್ಕ ಹರಾಜು ಯಜಮಾನ ಗಡಿಯಾರ ನೋಡುತ್ತ ನಿಂತಿದ್ದ.

"ನಕಲು ಅಂತ ಯಾಕಂದ್ರಿ?" ಕುಂಚದಕ್ಕ ನೇರವಾಗಿ ಕೇಳಿದಳು.

"ಅದೆಲ್ಲ ಹೇಳಿದ್ರೆ ಅರ್ಥ ಆಗೋ ವಿಷಯ ಅಲ್ಲಮ್ಮ," ಎಂದ ಭೂತಗನ್ನಡಿ.

"ಹೇಳಿ ನೋಡಿ. ಅರ್ಥ ಆಗದಿದ್ರೆ ತಲೆ ಆಡಿಸ್ತೀನಿ, ನಿಮ್ಮ ಗಿರಾಕಿಗಳ ಹಾಗೆ."

ಯಜಮಾನ ಕೆಮ್ಮಿ ನಗು ಮುಚ್ಚಿಕೊಂಡ. ಭೂತಗನ್ನಡಿ ಪುಸ್ತಕ ತೆರೆದು ಬೆರಳಿಟ್ಟ. ಅಸಲಿಯಲ್ಲಿ ಗುಂಡಿಯ ಹಳದಿಯ ಅಂಚಿನ ಮೇಲೆ ಕೋಟಿನ ಕೆಂಪು ಹತ್ತಿ ಕೂತಿರುತ್ತದೆ. ಇದರಲ್ಲಿ ಕೆಂಪಿನ ಮೇಲೆ ಹಳದಿ. ಅಸಲಿಯ ಕೋಟು ರಕ್ತಗೆಂಪು. ಇದು ಕೊಳೆತ ಕಂದು. ಸಾಲದ್ದಕ್ಕೆ ಹಳೆಯದಾಗಿ ಕಾಣಲೆಂದು ಮೂಲೆಗೆ ಬೇಕಂತಲೇ ಸುತ್ತಿಗೆಯ ಪೆಟ್ಟು.

"ಮೂರೂ ನಿಜ," ಎಂದಳು ಕುಂಚದಕ್ಕ. "ಈಗ ಕನ್ನಡಿ ಬಿಡಿ, ಉಗುರು ಕೊಡಿ. ಗುಂಡಿಯಿಂದ ಕೋಟಿಗೆ, ಕೋಟಿಂದ ಬಿಳಿಗೆ ಎಳೀರಿ."

ಅವನು ಬೇಸರದಿಂದ ಉಗುರು ಎಳೆದ.

"ಮೆಟ್ಟಿಲು ಇಳಿದ ಹಾಗಾಯ್ತಾ? ಈಗಿನ ನಕಲೆಲ್ಲ ಒಂದೇ ಸಲ ಅಚ್ಚು ಹೊಡೆದು ಒಂದೇ ಸಲ ಬೇಯಿಸೋದು. ಉಗುರು ಜಾರುತ್ತೆ, ಮೆಟ್ಟಿಲೇ ಇರಲ್ಲ."

"ಗಟ್ಟಿ ನಕಲಿನವರು ಮೆಟ್ಟಿಲನ್ನೂ ಮಾಡ್ತಾರೆ."

"ಮಾಡ್ತಾರೆ. ಆದರೆ ಅವನ ಕಣ್ಣೆದುರು ಏನಿರುತ್ತೆ? ಒಳ್ಳೇ ಬೋರ್ಡು, ಇಲ್ಲಾ ನಿಮ್ಮ ಪುಸ್ತಕ. ಮೋಸ ಮಾಡೋಕೆ ಕೂತವನು ಸೌದೆ ಸುಟ್ಟು, ಕೆಂಪನ್ನ ಎರಡು ಸಲ ಬೇಯಿಸಿ, ಯಾರೂ ಕೊಳ್ಳದ ಹಾಗೆ ಯಾಕೆ ಕೆಡಿಸ್ತಾನೆ? ಕಳ್ಳನಿಗೂ ಒಂದು ಲೆಕ್ಕಾಚಾರ ಇರುತ್ತೆ ಸಾಹೇಬ್ರೆ."

ಯಜಮಾನ ಮೊದಲ ಬಾರಿಗೆ ಬಗ್ಗಿ ಬೋರ್ಡನ್ನು ನೋಡಿದ. ಭೂತಗನ್ನಡಿ ಪುಸ್ತಕ ಮುಚ್ಚಿದ. "ಅದೇ ಪ್ರಶ್ನೆ ನಾನೂ ಕೇಳ್ತೀನಿ. ಫ್ಯಾಕ್ಟರಿಯವರು ಮಾತ್ರ ಯಾಕೆ ಕೆಡಿಸ್ತಾರೆ? ವರ್ಷಗಟ್ಟಲೆ ಅದೇ ಕೆಲಸ ಮಾಡಿದ ಕೈಗಳು ಇಂಥ ತಪ್ಪು ಮಾಡ್ತಾವಾ?"

ನಾದಿನಿ ಹಿಂದಿನಿಂದ ಅತ್ತಿಗೆಯ ತೋಳು ಹಿಂಡಿದಳು. ಕುಂಚದಕ್ಕ ಆ ಕೈಯನ್ನು ಮೆಲ್ಲಗೆ ಬಿಡಿಸಿ, ಬಿಡದೆ ಹಿಡಿದುಕೊಂಡಳು.

"ಇಲ್ಲ. ಅದು ತಪ್ಪಲ್ಲ. ನಾವು ಹದಿನಾಲ್ಕು ಜನ ಗೊತ್ತಿದ್ದೇ ಮಾಡಿದ್ದು."

ಮೊಳೆ ಹೊಡೆದ ಕಿಟಕಿ, ಹಲಗೆ, ಸುತ್ತಿಗೆ, ಅಜ್ಜಿಗೆಂದು ತೆಗೆದಿಟ್ಟ ಹದಿನೈದನೇ ಬೋರ್ಡು, ಎಲ್ಲವನ್ನೂ ಅವಳು ಹೇಳಿದಳು. ದನಿ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. ಗಾಜಿನ ಗೋಡೆಯ ಆಚೆ ಕುರ್ಚಿಗಳಲ್ಲಿದ್ದವರು ಒಬ್ಬೊಬ್ಬರಾಗಿ ಬಾಗಿಲಿಗೆ ಬಂದು ನಿಂತರು.

"ಕಥೆ ಚೆನ್ನಾಗಿದೆ," ಎಂದ ಭೂತಗನ್ನಡಿ. "ಸಾಕ್ಷಿ?"

"ಇಂಥ ಕಂದು ಕೋಟು ನೀವು ಮುಂಚೆ ನೋಡಿದ್ದೀರಾ?"

"ನಾಲ್ಕು ಬಂದಿದ್ವು. ಯಾವುದೋ ಒಂದೇ ಕಳ್ಳ ಕಾರ್ಖಾನೆಯ ಮಾಲು ಅಂತ ಆಗಲೇ ಕಂಡುಹಿಡಿದೆ. ನಾಲ್ಕಕ್ಕೂ ತೂತು ಹೊಡೆದಾಯ್ತು."

ನಾಲ್ಕು! ನಾಲ್ಕು ಜೊತೆ ಕೈಗಳು ಅವಳ ಕಣ್ಣ ಮುಂದೆ ಬಂದವು. ಆದರೂ ಮಾತು ತಣ್ಣಗೇ ಬಂತು. "ಫೋಟೋ ಇದೆಯಾ?"

"ಫೈಲಲ್ಲಿದೆ."

"ಈಗಲೇ ತೆಗೀಬೇಡಿ. ಮೊದಲು ನಾನು ಹೇಳ್ತೀನಿ, ಇವರೆಲ್ಲ ಕೇಳಲಿ. ಪೆಟ್ಟು ಎಡ ಬೂಟಿನ ಕೆಳಗೆ, ಅಂಚಿಂದ ಒಂದು ಬೆರಳು ಒಳಗೆ, ದುಂಡಗೆ. ಮೇಲಿಂದ ಹೊಡೆದದ್ದು. ನಾಲ್ಕರಲ್ಲಿ ಎಲ್ಲಾದರೂ ಒಂದಕ್ಕೆ ಪೆಟ್ಟೇ ಇಲ್ಲ ಅಂದ್ರೆ, ಅದು ಬಣ್ಣದಜ್ಜಿಯದು."

ಯಜಮಾನನೇ ಕಪಾಟಿನಿಂದ ಫೈಲು ಇಳಿಸಿ, ನಾಲ್ಕು ಫೋಟೋಗಳನ್ನು ಹಸಿರು ಬಟ್ಟೆಯ ಮೇಲೆ ಹರಡಿದ. ಮೂರರಲ್ಲಿ ಎಡ ಬೂಟಿನ ಕೆಳಗೆ ದುಂಡನೆಯ ಪೆಟ್ಟು. ನಾಲ್ಕನೆಯದರ ಮೂಲೆ ನಯವಾಗಿತ್ತು. ಗಾಯವೆಂದರೆ ಎದೆಯ ನಡುವಿನ ತೂತೊಂದೇ.

ಬಾಗಿಲಲ್ಲಿ ನಿಂತವರಲ್ಲಿ ಯಾರೋ ಉಸಿರು ಬಿಟ್ಟರು.

"ಇದನ್ನ ತಂದವರು ಯಾರು?" ಎಂದಳು ಕುಂಚದಕ್ಕ.

ಯಜಮಾನ ಫೋಟೋದ ಹಿಂಬದಿ ಓದಿದ. "ಒಬ್ಬಳು ಸೊಸೆ. ನೆನಪಿದೆ. ನಮ್ಮತ್ತೆ ಸಾಯೋವಾಗಲೂ ಇದು ಅಸಲಿ ಅಂತಲೇ ಅಂದಿದ್ರು ಅಂತ ಬಾಗಿಲಲ್ಲೇ ನಿಂತು ವಾದ ಮಾಡಿದ್ಲು."

ಭೂತಗನ್ನಡಿ ಕರ್ಚೀಫಿನಿಂದ ಹಣೆ ಒರೆಸಿಕೊಂಡ. "ಸರಿ, ಇದೊಂದನ್ನ ಅಸಲಿ ಅಂತಲೇ ಬರೆಯೋಣ. ಫ್ಯಾಕ್ಟರಿ ದೋಷ ಅಂತ ಸೇರಿಸ್ತೀನಿ. ಕೆಟ್ಟ ಮಾಲು, ಅರ್ಧ ಬೆಲೆ ಬಂದೀತು."

"ಅರ್ಧ ಅಲ್ಲ. ಒಳ್ಳೇ ಕೆಂಪು ಕೋಟು ಸಾವಿರ ಬಾರಿನ ಗೋಡೆ ಮೇಲಿತ್ತು. ಇದು ಇದ್ದದ್ದೇ ಹದಿನೈದು, ನಾಲ್ಕನ್ನ ನೀವೇ ಕೊಂದಿದ್ದೀರಿ. ತಲೆಕೆಳಗಾಗಿ ಅಚ್ಚಾದ ಅಂಚೆ ಚೀಟಿಗೆ ಬೆಲೆ ಹೆಚ್ಚೋ ಕಡಿಮೆಯೋ, ನೀವೇ ಕಲಿಸಿಕೊಡಿ." ಅವಳು ಡ್ರಿಲ್ ಮಿಷನ್ನಿನ ವೈರನ್ನು ಗೋಡೆಯಿಂದ ಕಿತ್ತು ಮೇಜಿನ ಮೇಲಿಟ್ಟಳು. "ದೋಷ ಅಂತಲೂ ಬರೀಬೇಡಿ. ಯಾರು ಮಾಡಿದ್ರು, ಯಾಕೆ ಮಾಡಿದ್ರು ಅಂತ ಬರೀರಿ. ಆ ನಾಲ್ಕೂ ಅಸಲಿ, ತಪ್ಪು ನಮ್ಮದು ಅಂತಲೂ ಬರೀರಿ. ಕೂಗೋದಕ್ಕೆ ಮೊದಲು ಎಲ್ಲರ ಮುಂದೆ ಓದಬೇಕು."

"ಅಸಾಧ್ಯ! ನನ್ನ ಪುಸ್ತಕದ ಗತಿ?"

"ಅದಕ್ಕೂ ಒಂದು ತೂತು ಹೊಡೀರಿ."

ನಗು ಬಾಗಿಲಿನಿಂದ ಹಜಾರಕ್ಕೆ ಹರಡಿತು. ಯಜಮಾನ ಕೈ ಎತ್ತಿದ; ಅವನು ವ್ಯಾಪಾರಿ. "ನೋಡಮ್ಮ, ನಾಲ್ಕರ ವಿಚಾರ ನಿಧಾನವಾಗಿ ಮಾಡೋಣ. ಇವತ್ತು ಇದನ್ನ ಮಾರಿಬಿಡೋಣ. ಮುಂದಿನ ಹರಾಜು ಇನ್ನು ಎರಡು ತಿಂಗಳಿಗೆ. ಬೋರ್ಡು ನಿಮ್ಮದಲ್ಲ, ಇವರದ್ದು. ಇವರು ಹೇಳಲಿ."

ಎಲ್ಲರೂ ನಾದಿನಿಯ ಕಡೆ ತಿರುಗಿದರು. ಎರಡು ತಿಂಗಳೆಂದರೆ ಶನಿವಾರ ಹೋಯಿತು, ಅಂಗಡಿ ಹೋಯಿತು. ಇದು ಕುಂಚದಕ್ಕ ಹೇಳಿಕೊಡುವ ಮಾತಾಗಿರಲಿಲ್ಲ. ನಾದಿನಿ ನಾಲ್ಕನೇ ಫೋಟೋವನ್ನು ಎತ್ತಿ ನೋಡಿದಳು, ಕೆಳಗಿಟ್ಟಳು. ಆಮೇಲೆ ಬೋರ್ಡಿನ ಎರಡೂ ಅಂಚು ಹಿಡಿದು, ಕುಲುಮೆಗೆ ಒಡ್ಡುತ್ತಿದ್ದ ಅದೇ ಪಟ್ಟಿನಲ್ಲಿ, ಎದೆಗೆ ಎತ್ತಿಕೊಂಡಳು.

"ನಮ್ಮತ್ತಿಗೆ ಹೇಳಿದ ಹಾಗೆ ಓದಿದ್ರೆ ಮಾರ್ತೀನಿ. ಇಲ್ಲಾಂದ್ರೆ ನನ್ನ ತೊಟ್ಟಿಗೆ ಮುಚ್ಚಳ ಇಲ್ಲದೆ ಸೊಳ್ಳೆ ಆಗ್ತಿದೆ. ಹೊತ್ಕೊಂಡು ಹೋಗ್ತೀನಿ."

ಆಣೆ, ಜೈಲು, ಮಾನ ಎಂದು ಬಸ್ಸಿಡೀ ಗೊಣಗಿದವಳು ಇವಳೇನಾ ಎಂದು ಕುಂಚದಕ್ಕನಿಗೆ ನಗು ಬಂತು.

ಯಜಮಾನ ಬಾಗಿಲಲ್ಲಿ ಕಿಕ್ಕಿರಿದ ಮುಖಗಳನ್ನು ನೋಡಿದ. ಅವರಲ್ಲಿ ಮೂವರು ಆಗಲೇ ಜೇಬಿನಿಂದ ತಮ್ಮ ಕೂಗಿನ ಸಂಖ್ಯೆಯ ಚೀಟಿ ಹೊರತೆಗೆದಿದ್ದರು. ಅವನು ಭೂತಗನ್ನಡಿಯ ಮುಂದೆ ಕಾಗದ ಸರಿಸಿದ. "ಬರೀರಿ ಸಾರ್. ಅವರು ಹೇಳ್ತಾರೆ, ನೀವು ಬರೀರಿ."

ಹನ್ನೆರಡೂವರೆಗೆ ಯಜಮಾನ ಅದನ್ನು ಓದಿದ. ಹದಿನಾಲ್ಕು ಹೆಂಗಸರು, ಒಂದು ಫ್ಯಾನು, ಇನ್ನೂರು ಬೋರ್ಡು, ತಪ್ಪಾಗಿ ತೂತು ಬಿದ್ದ ನಾಲ್ಕು. ಕೂಗು ಶುರುವಾದದ್ದೇ ಒಬ್ಬರ ಮೇಲೊಬ್ಬರು ಬಿದ್ದರು. ಮೂರನೇ ಕೂಗಿಗೆ ಅಂಗಡಿಯ ಬೆಲೆ ದಾಟಿತು. ನಾದಿನಿ ಎಣಿಸುವುದನ್ನು ಬಿಟ್ಟು ಅತ್ತಿಗೆಯ ಮೊಣಕಾಲನ್ನು ಗುದ್ದತೊಡಗಿದಳು. ಒಂಬತ್ತನೇ ಕೂಗಿಗೆ ಸುತ್ತಿಗೆ ಬಿತ್ತು.

ಕಾಗದಪತ್ರ ಮುಗಿಸಿ ಏಳುವಾಗ ಕುಂಚದಕ್ಕ ಕೈ ಚಾಚಿದಳು. "ಆ ನಾಲ್ಕು ಮನೆ ವಿಳಾಸ ಕೊಡಿ. ಈಗ ಓದಿದ ಕಾಗದದ ನಾಲ್ಕು ಪ್ರತಿನೂ ಕೊಡಿ, ರುಜು ಹಾಕಿ."

ಭೂತಗನ್ನಡಿ ತಲೆ ಎತ್ತದೆ ರುಜು ಹಾಕಿದ.

ಮೊದಲ ಮನೆ ರೈಲು ಹಳಿಯ ಪಕ್ಕದ ಸಾಲಿನಲ್ಲಿ. ಬಾಗಿಲು ತೆರೆದವಳು ಬಣ್ಣದಜ್ಜಿಯ ಸೊಸೆ, ಕೈ ತುಂಬ ಸೋಪಿನ ನೊರೆ. ಕುಂಚದಕ್ಕ ಯಾರೆಂದು ಹೇಳಿ, ಕಾಗದವನ್ನು ಅವಳ ಕೈಗೆ ಕೊಡಲಾಗದೆ ತಾನೇ ಓದಿದಳು. ಕೇಳುತ್ತ ಕೇಳುತ್ತ ಸೊಸೆ ಹೊಸ್ತಿಲ ಮೇಲೆ ಕೂತಳು.

"ನಾಲ್ಕು ವರ್ಷದಿಂದ ಮನಸ್ಸಲ್ಲೇ ಅತ್ತೆ ಸುಳ್ಳಿ ಅಂದ್ಕೊಂಡಿದ್ದೆ," ಎಂದಳು. "ಸಿಟ್ಟಿಗೆ ಅದನ್ನ ಬಚ್ಚಲಿಗೆ ಹಾಕಿಬಿಟ್ಟೆ."

ಒಳಗೆ ಹೋಗಿ ನೋಡಿದರು. ಗೋಡೆಗೆ ಬಡಿದ ಬೋರ್ಡಿನ ಮೇಲೆ ಕಂದು ಕೋಟಿನ ದೊರೆ ಗ್ಲಾಸು ಎತ್ತಿ ನಿಂತಿದ್ದ. ಎದೆಯ ತೂತಿನೊಳಗಿಂದ ಪೈಪು ಹಾದುಬಂದು, ತುದಿಯ ನಲ್ಲಿ ಬಕೆಟ್ಟಿಗೆ ತೊಟ್ಟಿಕ್ಕುತ್ತಿತ್ತು. ನಾದಿನಿಗೆ ನಗು ತಡೆಯಲಾಗಲಿಲ್ಲ. ಸೊಸೆಯೂ ಕಣ್ಣೊರೆಸಿಕೊಳ್ಳುತ್ತ ನಕ್ಕಳು.

"ತೂತು ಬಿದ್ದ ಮೇಲೆ ಇದಕ್ಕೇನು ಬೆಲೆ ಬರುತ್ತೆ ಅಕ್ಕ?"

ಕುಂಚದಕ್ಕ ರವಿಕೆಯ ತೋಳು ಮೇಲಕ್ಕೆ ಮಡಚಿದಳು. "ಹದಿನೈದರಲ್ಲಿ ಸುತ್ತಿಗೆ ಪೆಟ್ಟು ಬೀಳದ್ದು ಇದೊಂದೇ. ತೂತು ಯಾರದ್ದು ಅಂತ ಅವರ ಕೈಯಲ್ಲೇ ಬರೆಸಿದ್ದೀನಿ. ಬೆಲೆ ಆಮೇಲೆ ಹೇಳ್ತೀನಿ, ಮೊದಲು ಮೇನ್ ವಾಲ್ವು ಮುಚ್ಚಿ, ಒಂದು ಸ್ಪ್ಯಾನರ್ ತಗೊಂಡು ಬಾ."